ಕಾಕು ಹೇಳಿದ ಹೆಸರು

ಟಿವಿಯಲ್ಲಿ ವಿಧಾನಸಭೆ ನಡೆಯುತ್ತಿತ್ತು. ನಡೆಯುತ್ತಿತ್ತು ಅನ್ನುವುದು ನನ್ನ ಧಾರಾಳತನ. ಎಲ್ಲರೂ ಎದ್ದು ನಿಂತು ಕೂಗುತ್ತಿದ್ದರು, ಸಭಾಧ್ಯಕ್ಷರು ಗಂಟೆ ಬಾರಿಸುತ್ತಲೇ ಇದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ವಯಸ್ಸಿನಲ್ಲಿ ಸಿಟ್ಟು ಮಾಡಿಕೊಳ್ಳುವುದಕ್ಕೂ ತ್ರಾಣ ಬೇಕು ನೋಡಿ. ದನಿ ಅಡಗಿಸಿ ಸುಮ್ಮನೆ ಕೂತೆ. ಗಂಟೆಯ ಮೇಲಿನ ಆ ಕೈ ಕಂಡು ಕಾಕಾನ ನೆನಪಾಯಿತು.

ಕಾಕಾ ಎಂದರೆ ನನ್ನ ತಂದೆಯ ತಮ್ಮ, ಗದಗಿನಲ್ಲಿ ಮಾಸ್ತರು. ಸ್ವಾತಂತ್ರ್ಯ ಬಂದು ಇನ್ನೂ ಹೊಸತು. ಶಿಕ್ಷಕಿಯ ತರಬೇತಿಗೆಂದು ನಾನು ಅವರ ಮನೆಯಲ್ಲಿದ್ದೆ. ವಿಲಾಯಿತಿಯ ಉದಾರವಾದಿಗಳ ಪುಸ್ತಕ ಓದಿ ಓದಿ ಕಾಕಾನಿಗೆ ಒಂದೇ ಹುಚ್ಚು: ಪಕ್ಷ ದೊಡ್ಡದಲ್ಲ, ಸರಕಾರ ದೊಡ್ಡದಲ್ಲ, ಒಬ್ಬೊಬ್ಬ ಮನುಷ್ಯನ ಮನಸ್ಸಾಕ್ಷಿ ದೊಡ್ಡದು. ರವಿವಾರ ಪಡಸಾಲೆಯಲ್ಲಿ ಗೆಳೆಯರ ಪಾರ್ಲಿಮೆಂಟು ಕೂಡುತ್ತಿತ್ತು. ಕಾಕಾ ಸಭಾಪತಿ; ದೇವರ ಮನೆಯ ಗಂಟೆಯೇ ಸಭೆಯ ಗಂಟೆ. "ಪೂಜಾ ಮುಗದ ಮ್ಯಾಲೆ ಒಯ್ಯರಿ, ದೇವರೇನು ನಿಮ್ಮ ವಿರೋಧ ಪಕ್ಷ ಅಲ್ಲ" ಎಂದು ಅವರ ಹೆಂಡತಿ, ನಮ್ಮ ಕಾಕು, ಒಳಗಿನಿಂದ ಗೊಣಗುವರು. ನಾನು ನಡಾವಳಿ ಬರೆಯುವ ಕಾರ್ಯದರ್ಶಿ. ಅರ್ಥವಾಗದ್ದನ್ನೆಲ್ಲ 'ಗಂಭೀರ ಚರ್ಚೆಯಾಯಿತು' ಎಂದು ಬರೆಯುತ್ತಿದ್ದೆ. ವಹಿಯ ತುಂಬ ಗಂಭೀರ ಚರ್ಚೆಯೇ.

ಮೊದಲ ಚುನಾವಣೆಗೆ ಮತದಾರರ ಪಟ್ಟಿ ತಯಾರಾಗುತ್ತಿತ್ತು. ನಮ್ಮ ಕಡೆಯ ಹೆಂಗಸರು ಗಂಡನ ಹೆಸರನ್ನಂತೂ ಬಾಯಿಗೆ ತರುತ್ತಿರಲಿಲ್ಲ. ತಮ್ಮದನ್ನೂ ಪರ ಗಂಡಸಿನ ಮುಂದೆ ಹೇಳಲು ನಾಚಿಕೆ. 'ಇಂಥವರ ಮನಿಯಾಕಿ' ಎಂದು ಬರೆಸಿ ಬಾಗಿಲು ಮುಂದಕ್ಕೆ ಮಾಡಿಕೊಳ್ಳುವರು. ಅಂಥ ಹೆಸರುಗಳನ್ನು ಪಟ್ಟಿಯಿಂದ ತೆಗೆದುಹಾಕುತ್ತಾರೆಂಬ ಸುದ್ದಿ ಬಂದದ್ದೇ ಕಾಕಾ ತಮ್ಮ ಪಕ್ಷದ ಸಭೆಗೆ ಓಡಿದರು. ಹೆಂಗಸರು ತಮ್ಮ ಹೆಸರಿನಿಂದಲೇ ಮತದಾರರಾಗಬೇಕು, ಮನೆಮನೆಗೆ ಹೋಗಿ ಬರೆಸುವುದು ಪಕ್ಷದ ಕೆಲಸ ಎಂದು ಠರಾವು ಮಂಡಿಸಿದರು. ಶಿರಹಟ್ಟಿಯಿಂದ ಬಂದಿದ್ದ ಹಿರಿಯರೊಬ್ಬರು, "ಮಾಸ್ತರ, ಮೊದಲ ಕನ್ನಡ ನಾಡು ಒಂದಾಗ್ಲಿ. ಹೆಂಗಸರ ಹೆಸರು ಆಮ್ಯಾಲೆ ನೋಡೂಣು" ಎಂದರು. ಅವರ ಮಾತಿಗೂ ತೂಕವಿತ್ತು. ಶಿರಹಟ್ಟಿ, ಲಕ್ಷ್ಮೇಶ್ವರ ಆಗಷ್ಟೇ ಸಂಸ್ಥಾನಿಕರ ಕೈಬಿಟ್ಟಿದ್ದವು, ನಾವೆಲ್ಲ ಇನ್ನೂ ಮುಂಬಯಿಯ ಕೆಳಗಿದ್ದೆವು. ಕಾಕಾ ಹಟ ಬಿಡಲಿಲ್ಲ. ಠರಾವು ಪಾಸಾಯಿತು, ಬಹುಶಃ ಊಟದ ಹೊತ್ತು ಮೀರುತ್ತಿತ್ತೆಂದು.

ಬೆಟಗೇರಿಯ ನೇಕಾರರ ಓಣಿಗಳಲ್ಲಿ ಕಾಕಾ, ಕಾಕು, ನಾನು ತಿರುಗಿದೆವು. ಮಗ್ಗದ ಸದ್ದಿನ ಮೇಲೆ ಕಾಕಾ ತಮ್ಮ ತತ್ವವನ್ನು ಕೂಗಿ ಹೇಳಬೇಕಾಗುತ್ತಿತ್ತು. "ನನ್ನ ಹೆಸರು ತಗೊಂಡು ಸರಕಾರ ಏನ್ ಮಾಡತೈತ್ರಿ?" ಎಂದಳು ನೂಲು ಸುತ್ತುತ್ತಿದ್ದ ಒಬ್ಬ ಮುದುಕಿ. ಕಾಕು ಅವಳ ಮಗ್ಗುಲಲ್ಲಿ ಕೂತು, "ಸಣ್ಣಾಕಿದ್ದಾಗ ನಿಮ್ಮವ್ವ ಏನಂತ ಕರೀತಿದ್ಲು, ಅಷ್ಟು ಹೇಳಬೇ" ಎಂದರು. ಮುದುಕಿ ಹೇಳಿದಳು, ಹೇಳಿ, ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಪ್ರತಿ ಮನೆಯಲ್ಲೂ ಕಾಕು ಅದನ್ನೇ ಕೇಳಿದರು. ಕಾಕಾನ ಪುಸ್ತಕಗಳಿಗಿಂತ ಆ ಪ್ರಶ್ನೆಯೇ ಹೆಚ್ಚು ಹೆಸರು ಬರೆಸಿತು.

ನಮ್ಮ ಮನೆಯ ಹೆಸರುಗಳನ್ನು ಕಾಕಾ ತಾವೇ ಬರೆದುಕೊಟ್ಟರು. ಯಾರನ್ನೂ ಕೇಳಲಿಲ್ಲ.

ಮತದಾನದ ದಿನ ಕಾಕಾ ಪಕ್ಷದ ಏಜೆಂಟರಾಗಿ ಒಳಗೇ ಕೂತಿದ್ದರು. ನನಗಿನ್ನೂ ಮತದ ವಯಸ್ಸಾಗಿರಲಿಲ್ಲ, ಬಾಗಿಲಲ್ಲಿ ನಿಂತಿದ್ದೆ. ಪಟ್ಟಿ ಹಿಡಿದವನು, "ಹೆಸರೇನ್ರಿ ಬಾಯಾರ?" ಎಂದ.

"ತುಂಗಾ" ಎಂದರು ಕಾಕು.

ಪಟ್ಟಿಯಲ್ಲಿದ್ದದ್ದು ರಮಾ. ಮುಂಡರಗಿಯ ಆಚೆ, ಹೊಳೆದಂಡೆಯ ತವರಿನಲ್ಲಿ ಅವರು ತುಂಗಾ; ಮದುವೆಯ ದಿನ ಕಾಕಾ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಬರೆದ ಹೆಸರು ರಮಾ. ನಮ್ಮಲ್ಲಿ ಸೊಸೆಯಾಗಿ ಬಂದವಳಿಗೆ ಹೊಸ ಹೆಸರಿಡುವುದು ಪದ್ಧತಿ.

"ರಮಾ ಅಂತ ಹೇಳು, ಮುಗೀತು" ಎಂದರು ಕಾಕಾ, ಮೆಲ್ಲಗೆ.

"ಓಣಿ ತುಂಬ ಅವ್ವ ಕರದ ಹೆಸರು ಹೇಳ್ರಿ ಅಂತ ಹೇಳಿ ಬಂದಾಕಿ ನಾನು. ಈಗ ಹ್ಯಾಂಗ ಬ್ಯಾರೆ ಹೇಳಲಿ?"

"ಇದೊಂದು ಸಲ."

"ನಿಮ್ಮ ಹೆಸರು ಯಾರರೆ ಬದಲ್ ಮಾಡ್ಯಾರೇನು?"

ಸ್ವತಂತ್ರ ದೇಶದ ಮೊದಲ ಮತವನ್ನು ಅಲ್ಲೇ ಬಿಟ್ಟು ಕಾಕು ಹೊರಗೆ ಬಂದರು. ದಾರಿಯುದ್ದಕ್ಕೂ ಅತ್ತರು. ಮತ ಹಾಕಬೇಕೆಂದು ಅವರಿಗೆ ಬಹಳ ಆಸೆಯಿತ್ತು.

ಕಾಕಾ ತಪ್ಪು ಒಪ್ಪಿಕೊಂಡರು, ಪಟ್ಟಿ ತಿದ್ದಿಸಿದರು. ಹೆಂಗಸಿನ ಹೆಸರನ್ನು ಮನೆಯ ಯಜಮಾನನಿಂದಲ್ಲ, ಅವಳಿಂದಲೇ ಕೇಳಿ ಬರೆಯಬೇಕೆಂದು ಹಳೆಯ ಠರಾವಿಗೆ ತಿದ್ದುಪಡಿ ತಂದರು. ಮೊದಲು ಏಕೀಕರಣ ಆಗಲಿ ಎಂದರು ಅದೇ ಹಿರಿಯರು. ಏಕೀಕರಣವೂ ಆಯಿತು. ಅದರ ಸಂಭ್ರಮದ ಪೆಂಡಾಲಿನಲ್ಲಿ ಕಾಕಾ ನೆನಪಿಸಿದರೆ, ಯಾವ ತಿದ್ದುಪಡಿ ಎಂದು ಕೇಳಿದರಂತೆ.

ಅದೇ ವರ್ಷ ನನ್ನ ಮದುವೆ. ನನ್ನ ಗಂಡ ಅಕ್ಕಿಯಲ್ಲಿ ಬರೆಯುವಾಗ ಕಾಕಾ ಎದುರಿಗೇ ಇದ್ದರು. ಏನೋ ಹೇಳಲು ಬಾಯಿ ತೆರೆದವರು ಬೀಗರ ಮುಖ ನೋಡಿ ಸುಮ್ಮನಾದರು. ಕಾಕು ನನ್ನನ್ನೇ ನೋಡುತ್ತಿದ್ದರು. ನಾನು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಹೊಸ ಸೀರೆ, ಹೊಸ ಮನೆ, ಹೆಸರೂ ಹೊಸದಿರಲಿ ಎಂದುಕೊಂಡೆ; ಖರೆ ಹೇಳಬೇಕೆಂದರೆ ಹೆದರಿದ್ದೆ.

ಆ ಹೆಸರಿನಿಂದಲೇ ನೌಕರಿ ಮಾಡಿದೆ, ಪಿಂಚಣಿ ತೆಗೆದುಕೊಂಡೆ, ಒಂದೂ ಚುನಾವಣೆ ತಪ್ಪಿಸದೆ ಮತ ಹಾಕಿದೆ. ಮಹಿಳಾ ದಿನದ ಸಭೆಗಳಲ್ಲಿ ಕಾಕುವಿನ ಕಥೆ ಹೇಳಿ ಚಪ್ಪಾಳೆ ತೆಗೆದುಕೊಂಡದ್ದೂ ಆ ಹೆಸರಿನಿಂದಲೇ. ಕಾಕು ಒಂದು ಸಲ ಅಂಥ ಸಭೆಗೆ ಬಂದಿದ್ದರು. "ಛಲೋ ಹೇಳಿದಿ" ಎಂದರು, ಅಷ್ಟೇ. ಕಾಕಾ, ಕಾಕು ಈಗ ಇಲ್ಲ. ನನಗೂ ಸಾಕಾಗಿದೆ.

ಈ ಬರಹದ ಕೆಳಗೆ ರೂಢಿಯಂತೆ ಹೆಸರು ಹಾಕಿದ್ದೆ. ಈಗ ಅದನ್ನು ಹೊಡೆದುಹಾಕಿ ನನ್ನವ್ವ ಕರೆಯುತ್ತಿದ್ದ ಹೆಸರು ಬರೆದಿದ್ದೇನೆ. ಇದು ಯಾರದು ಎಂದು ಸಂಪಾದಕರು ಕೇಳಿಯಾರು. ಕೇಳಲಿ. ಹೇಳಲು ನನಗೂ ಸ್ವಲ್ಪ ಹೊತ್ತು ಬೇಕು.