ಮಾರಾಯ್ತಿ ಎಂದರೆ ಮಾರಿಯಲ್ಲ

ಭದ್ರಾವತಿಗೆ ಬಂದ ಮೊದಲ ವಾರವೇ ನಾನು ಪಕ್ಕದ ಮನೆಯ ಜಲಜಕ್ಕನ ಹಣೆ ಒಡೆದೆ. ಓಲ್ಡ್ ಟೌನಿನ ನಮ್ಮ ವಠಾರದ ನಲ್ಲಿಯ ಹತ್ತಿರ ಆಕೆ, "ಎಂತ ಮಾರಾಯ್ತಿ, ನೀರು ಹಿಡಿಯಲ್ವಾ?" ಎಂದರು. ಬಿಜಾಪುರದ ಇಂಡಿ ಕಡೆಯ ನನ್ನ ಕಿವಿಗೆ ಬಿದ್ದದ್ದು 'ಮಾರಿ' ಎಂಬ ಬೈಗುಳ ಮಾತ್ರ. ಕೈಯಲ್ಲಿದ್ದ ತಾಮ್ರದ ತಂಬಿಗೆ ಬೀಸಿದೆ. ರಕ್ತ ಇಳಿಯುತ್ತಿದ್ದರೂ ಆಕೆ, ನಾನೇನಂದೆ, ನಾನೇನಂದೆ ಎಂದು ಕೇಳುತ್ತಲೇ ಇದ್ದರು. ಇಲ್ಲಿ ಗೆಳತಿಗೂ ಮಗಳಿಗೂ, ಪ್ರೀತಿಗೂ ಬೇಸರಕ್ಕೂ ಮಾರಾಯ್ತಿ ಎನ್ನುತ್ತಾರೆಂದು ಆಮೇಲೆ ತಿಳಿಯಿತು.

ನಮ್ಮೂರಲ್ಲಿ ನನ್ನನ್ನು ಸಿಡುಕಿ ಎಂದು ಬಿಟ್ಟುಬಿಡುತ್ತಿದ್ದರು. ಅಲ್ಲಿ ಎಷ್ಟು ಅರಚಿದರೂ ಜೋಳದ ಹೊಲ ಕೇಳಿಸಿಕೊಳ್ಳುತ್ತಿತ್ತು. ಇಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಒಂದು ತಟ್ಟೆ ಎಸೆದರೆ ಸಾಕು, ತಮಿಳಿನವರೂ ತೆಲುಗಿನವರೂ ಬಾಗಿಲಿಗೆ ಬರುತ್ತಿದ್ದರು. ನಮ್ಮನೆಯವರು ಕಾರ್ಖಾನೆಯಿಂದ ತಡವಾಗಿ ಬಂದರೆ ನನ್ನನ್ನು ಬಿಟ್ಟೇ ಹೋದರೆಂದು ಎದೆ ಹೊತ್ತಿಕೊಳ್ಳುತ್ತಿತ್ತು. ಬಂದವರನ್ನು ಪರಚುತ್ತಿದ್ದೆ, ಕಚ್ಚುತ್ತಿದ್ದೆ, ಮರುಗಳಿಗೆ ಕಾಲು ಹಿಡಿದು ಅಳುತ್ತಿದ್ದೆ. ಒಂದು ದಿನ ಅವರು ಅಂಗಿಯ ತೋಳು ಮಡಿಸಿ ಹಲ್ಲಿನ ಗುರುತು ತೋರಿಸಿದರು.

"ಇನ್ನೊಮ್ಮೆ ಕೈ ಎತ್ತಿದ್ರ ನಿನ್ನ ಅವ್ವನ ಮನಿಗೆ ಬಿಟ್ಟು ಬರ್ತೀನಿ. ತಿರುಗಿ ಕರಿಯಾಕ ಬರೂದಿಲ್ಲ."

ನನ್ನನ್ನು ಶಿವಮೊಗ್ಗದ ಬಸ್ಸು ಹತ್ತಿಸಿದ್ದು ಹೊಲಿಗೆ ಹಾಕಿಸಿಕೊಂಡ ಹಣೆಯ ಜಲಜಕ್ಕನೇ. ಅಲ್ಲಿನ ಮನೋರೋಗದ ಡಾಕ್ಟರು ನನ್ನ ಸಿಟ್ಟು, ಬಿಟ್ಟುಹೋಗುತ್ತಾರೆಂಬ ಭಯ ಎರಡೂ ಒಂದೇ ಕಾಯಿಲೆಯವು ಎಂದು, ಅದಕ್ಕೆ ಬಾರ್ಡರ್‌ಲೈನ್ ಎಂಬ ಹೆಸರು ಹೇಳಿದರು. ಮಹಾರಾಷ್ಟ್ರದ ಗಡಿಯಿಂದ ಬಂದವಳಿಗೆ ಕಾಯಿಲೆಯೂ ಗಡಿಯದೇ ಬಂತಲ್ಲ ಎಂದು ನಕ್ಕೆ. ಮಾತ್ರೆ ಬರೆದುಕೊಟ್ಟರು, ಆದರೆ ಅದು ಕಾವನ್ನಷ್ಟೇ ಇಳಿಸುತ್ತದೆ, ನಿಜವಾದ ಚಿಕಿತ್ಸೆ ಕೂತು ಮಾತಾಡುವುದು ಎಂದರು. ಬರೀ ಮಾತಿಗೆ ಬಸ್ಸು ಹತ್ತಿ ಬರಬೇಕೇ ಎಂದು ನನಗೆ ಸಿಟ್ಟು.

ಹೊಸಮನೆ ಬಡಾವಣೆಯಲ್ಲಿ ಕೌನ್ಸೆಲಿಂಗ್ ಮಾಡುವ ಮೇಡಂ ಇದ್ದರು. ಮೊದಲ ದಿನವೇ ಅವರ ಮೇಜನ್ನು ಕೆಡವಿದೆ. ಅವರು ಅದನ್ನು ಎತ್ತಿ ನಿಲ್ಲಿಸಿ, ಬರುವ ಬುಧವಾರವೂ ಬರಬೇಕು ಎಂದರು. ಓಡಿಸುತ್ತಾರೆಂದುಕೊಂಡಿದ್ದ ನನಗೆ ಅದೇ ವಿಚಿತ್ರವಾಯಿತು, ಹೋದೆ. ಮಾತ್ರೆಗೆ ತೂಕಡಿಕೆ ಬರುತ್ತಿತ್ತು, ಮೈ ಊದಿತು, ಆದರೆ ನಿದ್ದೆ ಬಂತು. ಮೇಡಂ ಒಂದೇ ಪಾಠವನ್ನು ತಿಂಗಳುಗಟ್ಟಲೆ ಮಾಡಿಸಿದರು.

"ಅವರು ಅಂದಿದ್ದೇನು, ನಿಮಗೆ ಕೇಳ್ಸಿದ್ದೇನು? ಎರಡನ್ನೂ ಬೇರೆ ಬೇರೆ ಹೇಳಿ. ಆಮೇಲೆ ಬೇಕಾದ್ರೆ ಸಿಟ್ಟು ಮಾಡ್ಕೊಳ್ಳಿ."

ನಡುವೆ ಎಷ್ಟೋ ತಟ್ಟೆಗಳು ಒಡೆದವು. ನಮ್ಮನೆಯವರ ಮೇಲೆ ಮಾತ್ರ ಕೈ ಏಳಲಿಲ್ಲ. ಎರಡು ವರ್ಷದ ಮೇಲೆ ಅವ್ವನನ್ನು ನೋಡಲು ನಾನಾಗಿಯೇ ಊರಿಗೆ ಹೋದೆ. ಅವ್ವ ಚಹಾಕ್ಕೆ ಸಕ್ಕರೆ ಸುರಿಯುತ್ತಿದ್ದಳು. "ಸಾಕು ಮಾರಾಯ್ತಿ" ಎಂದು ಬಾಯಿಗೆ ಬಂದುಬಿಟ್ಟಿತು.

ಕಪಾಳಕ್ಕೆ ಏಟು ಬಿತ್ತು. ಚಿಕ್ಕಂದಿನಿಂದ ನನ್ನ ಕೆನ್ನೆಗೆ ಚೆನ್ನಾಗಿ ಗೊತ್ತಿದ್ದ ಏಟು. ನನ್ನ ಕೈಯೂ ಮೇಲೆದ್ದಿತು. ಎತ್ತುವುದನ್ನು ನಾನು ಕಲಿತದ್ದು ಇದೇ ಅಡುಗೆಮನೆಯಲ್ಲಿ ಎಂದು ಆಗ ಹೊಳೆಯಿತು. ಕೈಯನ್ನು ಮೆಲ್ಲಗೆ ಇಳಿಸಿದೆ.

"ಅವ್ವಾ, ನಾ ಅಂದಿದ್ದು ಬ್ಯಾರೆ, ನಿನಗ ಕೇಳಿಸಿದ್ದು ಬ್ಯಾರೆ. ಅದು ಅಲ್ಲೀ ಪ್ರೀತಿ ಮಾತು."

"ಅಲ್ಲೀ ಮಾತು ಅಲ್ಲೇ ಆಡು. ಇನ್ನ ನೀ ನಮ್ಮಕಿ ಅಲ್ಲ."

ಉರಿಯುವ ಕೆನ್ನೆ ಹಿಡಿದುಕೊಂಡೇ ಮೇಡಂ ಪಾಠ ಮಾಡಿ ನೋಡಿದೆ. ಅವ್ವ ಅಂದಿದ್ದು ಅದೇ. ನನಗೆ ಕೇಳಿಸಿದ್ದೂ ಅದೇ.