ಹಳೆಯ ವಿಳಾಸದಲ್ಲಿದ್ದ ದನಿ

ಕಳೆದ ಫೆಬ್ರುವರಿಯ ಮೊದಲ ಬುಧವಾರ, ಗಡಿಯೂರು ಉಮದಿಯಿಂದ ನಾನು ನಡೆಸುವ ಸಣ್ಣ ಸುದ್ದಿತಾಣವನ್ನು ಹಳೆಯ ಬಾಡಿಗೆ ಕಂಪ್ಯೂಟರಿನಿಂದ ಹೊಸದಕ್ಕೆ ಸಾಗಿಸಿದೆ. ಹೆಸರು ಅದೇ ಉಳಿಯಿತು, ವಿಳಾಸ ಬದಲಾಯಿತು.

ತಾಣದ ಹೆಸರು ಓದುಗರಿಗಾಗಿ ಇರುವಂಥದ್ದು. ಯಂತ್ರಕ್ಕೆ ಬೇಕಾದದ್ದು ಅಂಕಿಗಳ ವಿಳಾಸ. ಹೆಸರು ಕೇಳಿದರೆ ವಿಳಾಸ ಹೇಳುವ ಕಂಪ್ಯೂಟರಿಗೆ ನೇಮ್ ಸರ್ವರ್ ಎನ್ನುತ್ತಾರೆ. ಪ್ರತಿ ಸಲ ಅದನ್ನೇ ಕೇಳುವುದು ತಪ್ಪಲೆಂದು ನಡುವಿನ ಕಂಪ್ಯೂಟರುಗಳು ಒಮ್ಮೆ ಸಿಕ್ಕ ಉತ್ತರವನ್ನು ಕೆಲ ಕಾಲ ನೆನಪಿಟ್ಟುಕೊಳ್ಳುತ್ತವೆ. ನಮ್ಮ ತಾಣಕ್ಕೆ ಆ ಅವಧಿ ಎರಡು ದಿನ. ಅದು ನನಗೆ ಗೊತ್ತಿತ್ತು.

ಮಾಡಗ್ಯಾಳದ ನಮ್ಮ ಹಿರಿಯ ವರದಿಗಾರರು ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ವಾರವಾರ ಕುರಿ ಸಂತೆಯ ಧಾರಣೆಯನ್ನು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಓದಿ ಧ್ವನಿಮುದ್ರಿಸಿ ನೇರ ತಾಣಕ್ಕೇ ಕಳಿಸುತ್ತಿದ್ದರು. ಫೋನಿನಲ್ಲಿ ಜಾಗ ಸಾಲದೆಂದು ಕಳಿಸಿದ ಕೂಡಲೇ ಅಳಿಸುತ್ತಿದ್ದರು. ಹಾಗಾಗಿ ಆ ದನಿ ಇದ್ದದ್ದು ನಮ್ಮ ತಾಣದಲ್ಲಿ ಮಾತ್ರ. ಅವರ ಹೆಂಡತಿ ದಿನಾ ರೊಟ್ಟಿ ಬಡಿಯುವಾಗ ಯಾವುದಾದರೊಂದು ಹಳೆಯ ಧಾರಣೆ ಹಚ್ಚಿಕೊಂಡು ಕೇಳುತ್ತಿದ್ದರು. ಇದ್ದಾಗ ಮನೆಯಲ್ಲಿ ಇಷ್ಟು ಮಾತಾಡಿದವರೇ ಅಲ್ಲ ಎಂದು ನಗುತ್ತಿದ್ದರು.

ಗುರುವಾರ ಅವರಿಗೆ ಫೋನು ಮಾಡಿದೆ.

"ವೈನಿ, ಅಣ್ಣಾರ ದನಿ ಬರ್ತದೇನ್ರಿ?"

"ಈಗಷ್ಟ ಕೇಳೀನ್ರಿ. ನಡುವ ಕೆಮ್ಮತಾರಲ್ಲ, ಅದೂ ಅದ."

ಇಬ್ಬರನ್ನು ಕೇಳದೆ ಯಾವ ಸುದ್ದಿಯನ್ನೂ ಹಾಕಬಾರದೆಂಬುದು ನಮ್ಮಲ್ಲಿಯ ನಿಯಮ. ಅಂದು ಒಬ್ಬರ ಮಾತೇ ಸಾಕೆನಿಸಿತು. ಆ ದನಿಯನ್ನು ಅವರಿಗಿಂತ ಬಲ್ಲವರಿರಲಿಲ್ಲ. ಹಳೆಯ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಲು ಅದನ್ನು ಬಾಡಿಗೆ ಕೊಟ್ಟವರಿಗೆ ಹೇಳಿದೆ.

ಎರಡು ದಿನ ತುಂಬಿರಲಿಲ್ಲವಾದ್ದರಿಂದ ಅವರ ಫೋನು ಆಗಿನ್ನೂ ಹಳೆಯ ವಿಳಾಸಕ್ಕೇ ಹೋಗುತ್ತಿತ್ತು. ಹೊಸದಕ್ಕೆ ಸುದ್ದಿಗಳೆಲ್ಲ ಬಂದಿದ್ದವು, ಧ್ವನಿಮುದ್ರಿಕೆಗಳು ಬಂದಿರಲಿಲ್ಲ. ಆ ಪುಟವನ್ನು ನಾನು ತೆರೆದು ನೋಡಿರಲಿಲ್ಲ.

ಶನಿವಾರ ಅವರೇ ಫೋನು ಮಾಡಿದರು.

"ಮೊನ್ನಿ ಮಾತಾಡ್ತಿದ್ರು. ಈಗ ಯಾಕ ಸುಮ್ಮನಾಗ್ಯಾರ್ರಿ?"

ಭಾನುವಾರ ಮಾಡಗ್ಯಾಳಕ್ಕೆ ಹೋಗಿ, ನಡೆದದ್ದನ್ನು ಮೊದಲಿನಿಂದ ಹೇಳಿದೆ. ಮುಗಿದ ಮೇಲೆ ಅವರು ಒಂದೇ ಮಾತು ಕೇಳಿದರು.

"ಹಂಗಾದ್ರ ಅವತ್ತ ನಾ ಕೇಳಿದ್ದ ಕಡೀದೇನ್ರಿ?"

ಹೌದೆಂದೆ. ಕುಂದ್ರಿ, ಚಾ ಮಾಡ್ತೀನಿ ಎಂದು ಎದ್ದುಹೋದರು.

ಅಳಿಸಿದ್ದನ್ನು ಮರಳಿ ತರಲಾಗದೆಂದು ಕಂಪ್ಯೂಟರು ಬಾಡಿಗೆ ಕೊಟ್ಟವರು ತಿಳಿಸಿದ್ದಾರೆ. ಯಾರಾದರೂ ಹಳೆಯ ಧಾರಣೆ ಇಳಿಸಿಟ್ಟುಕೊಂಡಿದ್ದಾರೇನೋ ಎಂದು ಅಂದಿನಿಂದ ಸಂತೆಗಳಲ್ಲಿ ಕುರಿಗಾರರ ಫೋನುಗಳಲ್ಲಿ ಹುಡುಕುತ್ತಿದ್ದೇನೆ. ಈವರೆಗೆ ಮುಚ್ಚಂಡಿಯ ಒಬ್ಬರ ಬಳಿ ಒಂದು ಸಿಕ್ಕಿದೆ. ಅದು ಹನ್ನೊಂದು ಸೆಕೆಂಡಿಗೆ ನಿಲ್ಲುತ್ತದೆ. ಅದನ್ನು ಮಾಡಗ್ಯಾಳಕ್ಕೆ ಕಳಿಸಿದ್ದೇನೆ.