ಗ್ಯಾರೇಜಿನ ಗುಂಡಿಗೆ ಇಳಿದ ಅತ್ತೆ

ಹೋದ ಸೋಮವಾರ ಬೆಳಿಗ್ಗೆ. ನಾನಿನ್ನೂ ಚಹಾ ಸೋಸುತ್ತಿದ್ದೆ. ಹಿತ್ತಲಿನ ಗ್ಯಾರೇಜಿನಿಂದ ನಮ್ಮತ್ತೆಯ ದನಿ ಬಂತು.

"ಸುನಂದಾ, ಇಲ್ಲಿ ಬಾ. ನಿನ್ನ ಜೀಪಿನ ಕೆಳಗ ಇರುವಿ ಸತ್ತಾವ."

ಜೀಪಿನ ಕೆಳಗೆ ಎಂದರೆ ನಿಜವಾಗಿಯೂ ಕೆಳಗೆ. ನೆಲದಲ್ಲಿ ತೋಡಿದ ಗುಂಡಿಯೊಳಗೆ. ಎಪ್ಪತ್ತೈದು ದಾಟಿದ ಹೆಂಗಸು, ಬಸದಿಗೆ ಹೋಗಲೆಂದು ಉಟ್ಟ ಬಿಳಿ ಸೀರೆಯಲ್ಲಿ, ಕೈಯಲ್ಲಿ ಟಾರ್ಚು ಹಿಡಿದು ಗಾಡಿಯ ಹೊಟ್ಟೆ ನೋಡುತ್ತ ನಿಂತಿದ್ದರು. ನಿಮ್ಮಲ್ಲಿ ಎಷ್ಟು ಜನರ ಅತ್ತೆಯಂದಿರು ದಿನಾ ಬೆಳಿಗ್ಗೆ ಸ್ನಾನ ಮಾಡಿ ಜೀಪಿನ ಕೆಳಗೆ ಇಳಿಯುತ್ತಾರೆ? ಸುಮ್ಮನೆ ಕೇಳಿದೆ.

ಮೊದಲಿನಿಂದ ಹೇಳುತ್ತೇನೆ.

ನನಗೆ ಬಹಳ ವರ್ಷಗಳಿಂದ ಒಂದು ಆಸೆ ಇತ್ತು. ಬಂಗಾರದ್ದಲ್ಲ, ಫಾರಿನ್ ಟೂರಿನದ್ದಲ್ಲ. ಒಂದು ಗ್ಯಾರೇಜು. ಗಾಡಿ ನಿಲ್ಲಿಸುವ ಗ್ಯಾರೇಜಲ್ಲ ಮತ್ತೆ, ಗಾಡಿ ಬಿಚ್ಚುವ ಗ್ಯಾರೇಜು. ನಮ್ಮಪ್ಪ ಮೂಡಲಗಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆದು ಒರೆಸಿಡುವುದು ನನ್ನ ಪಾಲಿನ ಕೆಲಸ. ಶಾಲೆಯಲ್ಲಿ ಗೆಳತಿಯರು ನನ್ನ ಪಕ್ಕ ಕೂಡುತ್ತಿರಲಿಲ್ಲ, ಅಷ್ಟು ವಾಸನೆ. ನನಗೋ ಆ ವಾಸನೆಯೇ ಹಿತ. ಮುಂದೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ, ಮದುವೆಯಾಗಿ ಗೋಕಾಕಕ್ಕೆ ಬಂದೆ, ಮಕ್ಕಳ ಮದುವೆಯೂ ಆಯಿತು. ಸ್ವಯಂ ನಿವೃತ್ತಿ ತೆಗೆದುಕೊಂಡ ದಿನ ಗಂಡನಿಗೆ ಹೇಳಿದೆ, "ಹಿತ್ತಲದಾಗ ಒಂದು ಗ್ಯಾರೇಜ್ ಕಟ್ಟಸ್ತೇನ್ರಿ."

ನನ್ನ ಗಂಡನಿಗೆ ಹುಕ್ಕೇರಿಯಲ್ಲಿ ಗೊಬ್ಬರದ ಅಂಗಡಿ. ಜಗಳ ಅಂದರೆ ಆಗದ ಮನುಷ್ಯ. "ಕಟ್ಟಸು" ಎಂದು ಹೇಳಿ ಊಟ ಮುಂದುವರಿಸಿದರು. ನಾನು ಗಾಡಿಯ ಕೆಳಗೆ ಮಲಗುತ್ತೇನೆ ಎಂಬುದು ಅವರ ತಲೆಗೆ ಹೋಗಿದ್ದು ಎಷ್ಟೋ ದಿನದ ಮೇಲೆ.

ಬಂಧುಗಳದು ಬೇರೆಯೇ ಕತೆ. ಗಂಡಸು ನಿವೃತ್ತನಾಗಿ ಗ್ಯಾರೇಜು ಕಟ್ಟಿಸಿದರೆ ಅದಕ್ಕೆ ಹವ್ಯಾಸ ಎನ್ನುತ್ತಾರೆ. ಹೆಂಗಸು ಕಟ್ಟಿಸಿದರೆ? "ಡಾಕ್ಟರ್‌ಗೆ ತೋರಿಸೀರೇನು?" ಎಂದು ಘೋಡಗೇರಿಯ ನಾದಿನಿ ಫೋನಿನಲ್ಲಿ ಕೇಳಿದಳು. (ಕೇಳಿದ್ದು ನನ್ನನ್ನಲ್ಲ, ನನ್ನ ಗಂಡನನ್ನು. ಫೋನ್ ಸ್ಪೀಕರಿನಲ್ಲಿತ್ತು.)

ಅಂಕಲಗಿಯಿಂದ ಬಂದ ಗೌಂಡಿಗೆ ಕಾಗದದ ಮೇಲೆ ಪ್ಲಾನ್ ಬರೆದು ತೋರಿಸಿದೆ. ಇಲ್ಲಿ ಶಟರ್, ಇಲ್ಲಿ ಇಂಜಿನ್ ಎತ್ತುವ ಚೈನ್‌ಬ್ಲಾಕ್ ತೂಗುಹಾಕಲು ಗರ್ಡರ್, ಈ ಗೋಡೆಗೆ ಉದ್ದಕ್ಕೂ ಕೆಲಸದ ಕಟ್ಟೆ. ಆತ ತಲೆಯಾಡಿಸಿದ. ನಾನೊಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ಕಟ್ಟೆಗೆ ಗ್ರಾನೈಟ್ ಕೂತಿತ್ತು, ನಡುವೆ ಸಿಂಕಿಗೆ ಚೌಕ ತೂತು ಬಿದ್ದಿತ್ತು, ಮೇಲೆ ಚಿಮಣಿಗೂ ಜಾಗ ಬಿಟ್ಟಿತ್ತು.

"ಇದೇನ್ರಿ?" ಎಂದೆ.

"ಹೆಣ್ಮಕ್ಕಳು ಕಟ್ಟಿ ಕಟ್ಟಸಾಕತ್ತಾರ ಅಂದ್ರ ಅಡಿಗೀದ ಇರತೈತಲ್ರಿ ಅಕ್ಕಾರ," ಎಂದ. ಅವನ ಮುಖದಲ್ಲಿ ಎಳ್ಳಷ್ಟೂ ಕುಚೋದ್ಯವಿರಲಿಲ್ಲ. ನಾನೂ ಒಡೆಸಲು ಹೋಗಲಿಲ್ಲ. ಈಗ ಆ ಸಿಂಕಿನಲ್ಲಿ ಸೀಮೆಎಣ್ಣೆ ಹಾಕಿ ಗೇರು, ಬೇರಿಂಗು ತೊಳೆಯುತ್ತೇನೆ. ಗೋಕಾಕ ತಾಲೂಕಿನಲ್ಲಿ ಗ್ರಾನೈಟ್ ಕಟ್ಟೆಯ ಗ್ಯಾರೇಜು ಇನ್ನೊಂದಿದ್ದರೆ ಹೇಳಿ ಕಳಿಸಿ.

ಗೋಡೆಗೆ ಪ್ಲೈವುಡ್ ಬೋರ್ಡು ಹೊಡೆಸಿ ನಟ್ಟು ಬಿಚ್ಚುವ ಪಾನಾಗಳನ್ನೆಲ್ಲ ಸಾಲಾಗಿ ತೂಗುಹಾಕಿದೆ. ಒಂದೊಂದರ ಹಿಂದೆಯೂ ಅದರದೇ ಆಕಾರ ಬಣ್ಣದಲ್ಲಿ ಬರೆದೆ, ಯಾವುದು ಜಾಗದಲ್ಲಿ ಇಲ್ಲವೋ ದೂರದಿಂದಲೇ ಗೊತ್ತಾಗಬೇಕು. ಟ್ಯೂಬ್‌ಲೈಟ್ ಹಾಕಿಸಿದೆ, ಗಾಳಿ ಹೊಡೆಯಲು ಕಂಪ್ರೆಸರ್ ತರಿಸಿದೆ. ಯೂಟ್ಯೂಬಿನಲ್ಲಿ ಅಮೆರಿಕದವರ ಗ್ಯಾರೇಜು ನೋಡಿದ್ದೀರಲ್ಲ, ನೆಲದಲ್ಲಿ ಮುಖ ಕಾಣುವಂಥವು? ಅಂಥದ್ದು ನನಗೆ ಬೇಡ. ಎಣ್ಣೆ ಚೆಲ್ಲಿದರೆ ಬೇಜಾರಾಗದಂಥ ನೆಲ ಸಾಕು.

ಬೇಕೇ ಬೇಕಿದ್ದದ್ದು ಒಂದೇ. ಗುಂಡಿ. ಈ ವಯಸ್ಸಿನಲ್ಲಿ ಬೆನ್ನ ಮೇಲೆ ಮಲಗಿ ಗಾಡಿಯ ಕೆಳಗೆ ತೆವಳಲು ನನ್ನಿಂದಾಗದು. ಗುಂಡಿ ಇದ್ದರೆ ಒಳಗಿಳಿದು, ನೆಟ್ಟಗೆ ನಿಂತು, ತಲೆಯ ಮೇಲಿನ ಗಾಡಿಗೆ ಕೈಹಾಕಬಹುದು.

ಅಲ್ಲಿಯವರೆಗೆ ಗ್ಯಾರೇಜಿನ ಬಗ್ಗೆ ಒಂದು ಮಾತೂ ಆಡದಿದ್ದ ಅತ್ತೆ, ಗುಂಡಿಗೆ ಸುಣ್ಣದಲ್ಲಿ ಗೆರೆ ಹಾಕಿದ ದಿನ ಹೊರಗೆ ಬಂದರು.

"ಇದು ಎಷ್ಟ ಆಳ?"

"ನಾ ನಿಂದ್ರುವಷ್ಟ್ರಿ."

"ಇದರಾಗ ಕಪ್ಪಿ ಬೀಳತಾವ. ಇರುವಿ, ಹುಳಾ ಎಲ್ಲಾ ಬೀಳತಾವ. ಮ್ಯಾಲ ಹತ್ತಾಕ ಆಗದ ಅಲ್ಲೇ ಸಾಯ್ತಾವ. ಆ ಪಾಪ ಯಾರಿಗಿ?"

ನಮ್ಮದು ಜೈನರ ಮನೆ. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಅತ್ತೆ. ಅಂಥವರ ಹಿತ್ತಲಲ್ಲಿ ನಾನು ತೋಡಲು ಹೊರಟಿದ್ದು ಅವರ ಲೆಕ್ಕದಲ್ಲಿ ಜೀವಗಳನ್ನು ಕೆಡಹುವ ಖೆಡ್ಡಾ. ಬೇಡ ಎಂದು ಅವರು ಹೇಳಲಿಲ್ಲ. "ಇವತ್ತ ನನ್ನ ಉಪವಾಸ" ಎಂದರಷ್ಟೇ. ಮರುದಿನವೂ ಉಪವಾಸ. ಪಂಚಾಂಗ ತೆಗೆದು ನೋಡಿದೆ, ಎರಡೂ ದಿನ ಏನೂ ವಿಶೇಷ ಇರಲಿಲ್ಲ. ಉಪವಾಸಕ್ಕೆ ಎಷ್ಟು ಅರ್ಥಗಳಿವೆ ಎಂದು ನಮ್ಮಂಥ ಮನೆಗೆ ಸೊಸೆಯಾಗಿ ಬಂದವರಿಗೇ ಗೊತ್ತು.

ಕೊನೆಗೆ ರಾಜಿ ಆಯಿತು. ಗುಂಡಿಯ ಸುತ್ತ ಗೇಣೆತ್ತರದ ಅಂಚು ಕಟ್ಟಿಸಬೇಕು. ಮೇಲೆ ಗಾಡಿ ಇಲ್ಲದಾಗ ಹಲಗೆ ಮುಚ್ಚಬೇಕು. ಅಷ್ಟಾದರೂ ಬಿದ್ದ ಕಪ್ಪೆ ಹತ್ತಿ ಬರಲೆಂದು ಒಂದು ಮೂಲೆಯಲ್ಲಿ ಒರಟು ಹಲಗೆಯನ್ನು ಓರೆಯಾಗಿ ಇಡಬೇಕು. ಇಳಿಯಲು ಮೆಟ್ಟಿಲು, ಹಿಡಿಯಲು ಪೈಪು. ದಿನಾ ಬೆಳಿಗ್ಗೆ ಅತ್ತೆ ಇಳಿದು ನೋಡುತ್ತಾರೆ, ಅವರು ನೋಡುವತನಕ ನಾನು ಪಾನಾ ಮುಟ್ಟಬಾರದು.

ಒಪ್ಪಿಕೊಂಡೆ. ವಾರ ಕಳೆದರೆ ಬೇಸರ ಬಂದು ಬಿಡುತ್ತಾರೆ ಎಂದುಕೊಂಡೆ. ಎಲ್ಲಿ ಬಿಡುತ್ತಾರೆ? ಮಳೆಯಿರಲಿ, ಚಳಿಯಿರಲಿ, ಟಾರ್ಚು ಮತ್ತು ಮೆತ್ತನೆಯ ಪೊರಕೆ ಹಿಡಿದು ಇಳಿದರೇ. ಒಮ್ಮೆ ಚೇಳು ಸಿಕ್ಕಿತು. ಅದನ್ನು ಮೊರಕ್ಕೆ ಹತ್ತಿಸಿ, ಮೇಲೆ ತಂದು, ಕಾಂಪೌಂಡಿನ ಆಚೆ ಬಿಟ್ಟು ಬಂದರು. ನನ್ನ ಗಂಡ ಅಂದು ಅಂಗಡಿಗೆ ತುಸು ಬೇಗನೇ ಹೋದರು.

ಗ್ಯಾರೇಜಿಗೆ ಬಂದ ಮೊದಲ ಗಾಡಿ ನಮ್ಮ ಮಾವನ ಹಳೇ ಜೀಪು. ಅವರು ಹೋದಮೇಲೆ ಹೊಲದ ಶೆಡ್ಡಿನಲ್ಲಿ ನಿಂತೇ ಇತ್ತು. ಹಿಂದಿನ ಸೀಟಿನ ತುಂಬ ದನದ ಹೊಟ್ಟು. ಎಳೆದು ತಂದು, ಕಾರ್ಬುರೇಟರ್ ಬಿಚ್ಚಿ, ವೈರಿಂಗ್ ಹೊಸದು ಮಾಡಿ, ಬ್ರೇಕಿನ ಸೆಟ್ ಬದಲಿಸಿ, ಅದನ್ನು ಓಡುವ ಗಾಡಿ ಮಾಡಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಇಂಜಿನ್ ಮೊದಲ ಸಲ ಹತ್ತಿದಾಗ ಅತ್ತೆ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದರು. ನಾನು ನೋಡಿದೆ ಎಂದು ಗೊತ್ತಾಗಿ ಒಳಗೆ ಹೋದರು.

ಬೆಲ್ಲದ ಬಾಗೇವಾಡಿ ಅತ್ತೆಯ ತವರು. ಅಲ್ಲಿ ಅವರ ತಮ್ಮನ ಮೊಮ್ಮಗಳಿಗೆ ತೊಟ್ಟಿಲ ಕಾರ್ಯ ಈ ಗುರುವಾರಕ್ಕಿತ್ತು. ನಾನು ಒಂದು ವಾರ ಮೊದಲೇ ಹೇಳಿದೆ, "ಅತ್ತಿ, ಜೀಪಿನ್ಯಾಗ ಹೋಗೂಣ್ರಿ. ಮುಂದಿನ ಸೀಟ್ ನಿಮ್ದ."

"ಇಲ್ಲವ್ವಾ. ನೀ ಬಿಚ್ಚಿ ಜೋಡಿಸಿದ ಗಾಡ್ಯಾಗ ನಾ ಕುಂದ್ರೂದಿಲ್ಲ. ಮಗನ ಕಾರಿನ್ಯಾಗ ಬರ್ತೇನಿ."

ಸಿಟ್ಟಿಲ್ಲದೆ, ಮೆಲ್ಲಗೆ, ಹೂವು ಕಟ್ಟುತ್ತ ಹೇಳಿದ ಮಾತು. ಅದಕ್ಕೇ ಹೆಚ್ಚು ನೋವಾಯಿತು. ಊರವರು ನಕ್ಕಿದ್ದು, ನಾದಿನಿ ಡಾಕ್ಟರ್ ಎಂದಿದ್ದು ನನಗೆ ತಟ್ಟಿರಲಿಲ್ಲ. ಇದು ತಟ್ಟಿತು. ನನ್ನ ಕೈಯ ಅಡುಗೆ ಮೂವತ್ತು ವರ್ಷ ಉಂಡ ಹೆಂಗಸಿಗೆ ನನ್ನ ಕೈಯ ಕೆಲಸದ ಮೇಲೆ ನಂಬಿಕೆ ಇಲ್ಲ ಎಂದರೆ, ಈ ಗ್ಯಾರೇಜು ನನ್ನ ಪಾಲಿಗೆ ಆಟದ ಮನೆಯೇ ಸರಿ. ಆ ಜೀಪಿನಲ್ಲಿ ಅವರು ಒಂದು ಸಲ ಕೂತರೆ ಸಾಕಿತ್ತು ನನಗೆ. ಬೇರೆ ಯಾರ ಸರ್ಟಿಫಿಕೇಟೂ ಬೇಕಿರಲಿಲ್ಲ.

ಇನ್ನು ಸೋಮವಾರದ ಇರುವೆಗೆ ಬರೋಣ.

ಗುಂಡಿಗೆ ಇಳಿದು ನೋಡಿದೆ. ತಳದಲ್ಲಿ ಅಂಗೈಯಗಲ ಒದ್ದೆ. ಅದರಲ್ಲಿ ಇರುವೆಗಳು ಅಂಟಿಕೊಂಡಿದ್ದವು. ಬೆರಳು ಅದ್ದಿ ಮೂಸಿದೆ. ಇಂಜಿನ್ ಆಯಿಲ್ ಅಲ್ಲ. ತಲೆ ಎತ್ತಿದೆ. ಬ್ರೇಕಿನ ಪೈಪು ಹಿಂದಿನ ಎರಡು ಗಾಲಿಗಳಿಗೆ ಕವಲಾಗುವ ಜಾಯಿಂಟಿನಲ್ಲಿ ಒಂದು ಹನಿ ತೂಗುತ್ತಿತ್ತು.

ನಾನೇ ಬಿಗಿದ ಜಾಯಿಂಟ್. ಅದರೊಳಗೆ ಒಂದು ತಾಮ್ರದ ವಾಷರ್ ಇರುತ್ತದೆ, ಒಮ್ಮೆ ಬಿಚ್ಚಿದರೆ ಹೊಸದು ಹಾಕಬೇಕು. ಹಳೆಯದು ನೋಡಲು ಚೆನ್ನಾಗಿಯೇ ಇತ್ತು. ಉಜ್ಜಿ ಒರೆಸಿ ಅದನ್ನೇ ಹಾಕಿದ್ದೆ. (ಹಾಲಿನ ಪ್ಯಾಕೆಟನ್ನೂ ತೊಳೆದು ಒಣಗಿಸಿ ಎತ್ತಿಡುವ ಮನೆಯಲ್ಲಿ ಬದುಕಿದರೆ ಹೀಗೇ ಆಗುವುದು. ಎಸೆಯಲು ಕೈ ಬರುವುದಿಲ್ಲ.) ಹಿತ್ತಲಲ್ಲಿ ಹಿಂದೆ ಮುಂದೆ ಓಡಿಸಿದಾಗ ಬ್ರೇಕು ಚೆನ್ನಾಗಿ ಹಿಡಿದಿತ್ತು. ಗುರುವಾರದವರೆಗೆ ಸೋರಿ ಸೋರಿ ಎಣ್ಣೆ ಖಾಲಿಯಾಗಿ, ಸಂಜೆ ವಾಪಸು ಬರುವಾಗ ಗೋಕಾಕ ಫಾಲ್ಸ್ ರೋಡಿನ ಇಳಿಜಾರಿನಲ್ಲಿ ನಾನು ಪೆಡಲ್ ತುಳಿದಿದ್ದರೆ? ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಒರೆಸಿ ಬಿಡಬಹುದಿತ್ತು. ಎಂಥದೋ ಎಣ್ಣೆ ಎಂದರೆ ನಡೆಯುತ್ತಿತ್ತು, ಮನೆಯಲ್ಲಿ ಯಾರಿಗೆ ಗೊತ್ತು ಯಾವ ಎಣ್ಣೆ ಯಾವುದು? ಆ ವಿಚಾರ ಬಂದದ್ದೂ ಖರೆ. ಮೇಲೆ ನನ್ನ ಗಂಡ ಬಾಯಲ್ಲಿ ಬ್ರಶ್ ಇಟ್ಟುಕೊಂಡು ಬಗ್ಗಿ ನೋಡುತ್ತಿದ್ದರು. ಹೇಳಿದರೆ ಗ್ಯಾರೇಜಿನ ಶಟರ್ ಶಾಶ್ವತವಾಗಿ ಇಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಅತ್ತೆ ಟಾರ್ಚು ನನ್ನ ಮುಖಕ್ಕೇ ಹಿಡಿದಿದ್ದರು.

"ಅತ್ತಿ, ಇದು ಬ್ರೇಕಿನ ಎಣ್ಣಿರಿ. ನಾ ಬಿಗಿದದ್ದ ಸೋರಾಕತ್ತೈತಿ. ಹಂಗ ಹೋಗಿದ್ರ ದಾರ್ಯಾಗ ಬ್ರೇಕ್ ಹತ್ತತಿರಲಿಲ್ಲ."

ಗಂಡ ಬಾಯಿಂದ ಬ್ರಶ್ ತೆಗೆದರು. "ಸಾಕ ಮಾಡು ಇನ್ನ. ಮೆಕ್ಯಾನಿಕ್‌ಗೆ ಫೋನ್ ಹಚ್ಚತೇನಿ."

"ನೀ ಸುಮ್ನಿರೋ," ಎಂದರು ಅತ್ತೆ. ಆಮೇಲೆ ನನಗೆ, "ಇದನ್ನ ಸರಿ ಮಾಡಾಕ ನಿನಗ ಬರತೈತೇನು?"

"ಬರತೈತ್ರಿ. ಹೊಸಾ ವಾಷರ್ ಹಾಕಬೇಕು."

"ಸರಿ ಆಗೈತಿ ಅಂತ ಹೆಂಗ ಗೊತ್ತಾಗಬೇಕು?"

"ಪೆಡಲ್ ಒತ್ತಿ ನೋಡ್ತೇನ್ರಿ. ಆಮ್ಯಾಲ ರಾತ್ರಿ ನಿಂತ ಮ್ಯಾಲ, ಮುಂಜಾನಿ ಕೆಳಗ ಒಣಗಿರಬೇಕು."

"ಹಾಕು ಮತ್ತ. ಮುಂಜಾನಿ ನಾ ನೋಡ್ತೇನಿ."

ಬಸದಿಗೆ ಹೊರಡುವ ಮೊದಲು ಅತ್ತೆ ಆ ಇರುವೆಗಳನ್ನು ಬಟ್ಟೆಯ ಚೂರಿನಲ್ಲಿ ಎತ್ತಿಕೊಂಡರು. ಎರಡು ಇನ್ನೂ ಅಲುಗುತ್ತಿದ್ದವಂತೆ. ಅವನ್ನು ತುಳಸಿಯ ಬುಡದಲ್ಲಿ ಬಿಟ್ಟು, ಮತ್ತೆ ಸ್ನಾನ ಮಾಡಿ ಹೊರಟರು. ನಾನು ಪೇಟೆಗೆ ಹೋಗಿ ವಾಷರ್ ತಂದೆ. ಸಂಜೆ ಜಾಯಿಂಟ್ ಬಿಚ್ಚುವಾಗ ಅವರೇ ಮೆಟ್ಟಿಲ ಮೇಲೆ ಕೂತು ಟಾರ್ಚು ಹಿಡಿದರು. ಹಳೆಯ ವಾಷರನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಚಲೋನ ಐತೆಲ್ಲ" ಎಂದರು. ನನಗೆ ನಗು ತಡೆಯಲಾಗಲಿಲ್ಲ.

ಪೈಪಿನ ಗಾಳಿ ತೆಗೆದು, ಎಣ್ಣೆ ತುಂಬಿ, ಪೆಡಲ್ ಒತ್ತಿ ಒತ್ತಿ ನೋಡಿದೆ. ಗುಂಡಿಯ ತಳಕ್ಕೆ ಅತ್ತೆ ನೀರು ಸೋಸುವ ಹಳೆಯ ಬಿಳಿ ಬಟ್ಟೆಯೊಂದನ್ನು ಹಾಸಿದರು. ಹನಿ ಬಿದ್ದರೆ ಕಾಣಬೇಕಲ್ಲ. ಮಂಗಳವಾರ ಇಳಿದು ನೋಡಿದರು. ಬುಧವಾರ ಇಳಿದು ನೋಡಿದರು. ಬಟ್ಟೆ ಹಾಸಿದಾಗ ಹೇಗಿತ್ತೋ ಹಾಗೇ ಇತ್ತು. ನಾನು ಜೀಪನ್ನು ಊರ ಹೊರಗೆ ಖಾಲಿ ರಸ್ತೆಯಲ್ಲಿ ಓಡಿಸಿ, ಬ್ರೇಕು ಹಾಕಿ ಹಾಕಿ ನೋಡಿಕೊಂಡು ಬಂದೆ.

ಗುರುವಾರ ಬೆಳಿಗ್ಗೆ ಗಂಡ ಕಾರನ್ನು ಹೊರಗೆ ತಂದು, ಒರೆಸಿ, ಎಸಿ ಹಾಕಿ, ತಾಯಿಗಾಗಿ ಮುಂದಿನ ಬಾಗಿಲು ತೆರೆದು ನಿಂತರು. ನಾನು ಜೀಪನ್ನು ಹಿಂದೆ ನಿಲ್ಲಿಸಿಕೊಂಡಿದ್ದೆ. ಒಬ್ಬಳೇ ಓಡಿಸಿಕೊಂಡು ಹೋಗುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಅತ್ತೆ ತೊಟ್ಟಿಲಿಗೆ ಕೊಡುವ ಕುಲಾಯಿ, ಕುಪ್ಪಸದ ಚೀಲ ಹಿಡಿದು ಬಂದರು. ಕಾರನ್ನು ದಾಟಿದರು. ಜೀಪಿನ ಹತ್ತಿರ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಕೈ ಕೊಡು" ಎಂದರು. ಕೊಟ್ಟೆ. ಹತ್ತಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ನನ್ನ ಕಣ್ಣು ತುಂಬಿತ್ತು, ಸ್ಟೇರಿಂಗ್ ನೋಡುತ್ತ ಕೂತೆ.

ಗಂಡ ಓಡಿ ಬಂದರು. "ಯವ್ವಾ, ಸೋಮವಾರನ ಇದರ ಬ್ರೇಕ್ ಸೋರಾಕತ್ತಿತ್ತು. ಕಾರಿನ್ಯಾಗ ಬಾ. ಮೊನ್ನೆ ಸರ್ವಿಸ್ ಆಗೇತಿ."

ಅತ್ತೆ ಅವರನ್ನು ನೋಡಿದರು, ಕಾರನ್ನೂ ನೋಡಿದರು.

"ಇದರ ಕೆಳಗ ನಾ ದಿನಾ ನೋಡೇನಿ. ನಿನ್ನ ಕಾರಿನ ಕೆಳಗ ಯಾರ ನೋಡ್ಯಾರ?"